ಫೈರ್ ಓಪಲ್: ಕೊಳ್ಳುವಾಗ ಏನು ನೋಡಬೇಕು, ಕೊಂಡ ಮೇಲೆ ಹೇಗೆ ಕಾಪಾಡಬೇಕು

ಫೈರ್ ಓಪಲ್ ಕೊಳ್ಳಲು ಹೋದವರು ಮೊದಲು ಕೇಳುವುದು ಬಣ್ಣ, ತೂಕ, ಬೆಲೆ. ಕೇಳಬೇಕಾದ ಮೊದಲ ಪ್ರಶ್ನೆ ಬೇರೆಯೇ ಇದೆ: ಈ ಹರಳು ನೀರು ಹೀರುತ್ತದೆಯೋ, ಇಲ್ಲವೋ? ಮೆಕ್ಸಿಕೋದ ಕಲ್ಲು ಸಾಮಾನ್ಯವಾಗಿ ಹೀರುವುದಿಲ್ಲ. ಇಥಿಯೋಪಿಯಾದ ವೊಲ್ಲೊ ಪ್ರಾಂತದ್ದು ಬಹುಪಾಲು ಹೀರುತ್ತದೆ. ತೊಳೆಯುವುದು, ಒಡವೆಗೆ ಕೂರಿಸುವುದು, ಪೆಟ್ಟಿಗೆಯಲ್ಲಿಡುವುದು, ಅಷ್ಟೇಕೆ, ಮನೆಯಲ್ಲಿ ಪರೀಕ್ಷಿಸುವ ವಿಧಾನ ಕೂಡ ಇದೊಂದು ಉತ್ತರದ ಮೇಲೆ ನಿಂತಿದೆ. ಅಂಗಡಿಯವರಿಗೆ ಇದು ಗೊತ್ತಿಲ್ಲವೆಂದರೆ ಅಲ್ಲಿ ದುಬಾರಿ ಕಲ್ಲು ಕೊಳ್ಳದಿರುವುದೇ ಮೇಲು.

ಇದು ಎಂಥ ಕಲ್ಲು

ಓಪಲ್ ಎಂದರೆ ನೀರನ್ನು ಒಳಗಿಟ್ಟುಕೊಂಡ ಸಿಲಿಕಾ. ಸ್ಫಟಿಕದಂತೆ ಇದಕ್ಕೆ ಕ್ರಮಬದ್ಧ ಒಳರಚನೆ ಇಲ್ಲ. ತೂಕದಲ್ಲಿ ಸಾಮಾನ್ಯವಾಗಿ ಶೇ 3ರಿಂದ 10ರವರೆಗೆ ನೀರು, ಕೆಲವು ಕಲ್ಲುಗಳಲ್ಲಿ ಇನ್ನೂ ಹೆಚ್ಚು. ಹಳದಿ, ಕಿತ್ತಳೆ, ಕೆಂಪು ಮೈಬಣ್ಣವಿದ್ದು ಬೆಳಕು ಒಳಹಾಯುವಂತಿದ್ದರೆ ಅದು ಫೈರ್ ಓಪಲ್. ಬಣ್ಣ ಬರುವುದು ಒಳಗೆ ಹರಡಿದ ಅತಿಸೂಕ್ಷ್ಮ ಕಬ್ಬಿಣದ ಆಕ್ಸೈಡ್ ಕಣಗಳಿಂದ.

ಇಲ್ಲಿ ತುಂಬಾ ಜನ ಎಡವುತ್ತಾರೆ. ತಿರುಗಿಸಿದಾಗ ಹಸಿರು, ನೀಲಿ, ಕೆಂಪು ಮಿಂಚುವ ಬಣ್ಣದಾಟ ಇದ್ದರಷ್ಟೇ ಅದು ಫೈರ್ ಓಪಲ್ ಎಂದುಕೊಳ್ಳುತ್ತಾರೆ. ಬಣ್ಣದಾಟ ಬೇರೆ ಸಂಗತಿ. ಒಂದೇ ಗಾತ್ರದ ಸಿಲಿಕಾ ಗೋಲಿಗಳು, ಸುಮಾರು 150ರಿಂದ 300 ನ್ಯಾನೊಮೀಟರ್‌ನವು, ಸಾಲುಸಾಲಾಗಿ ಜೋಡಣೆಯಾಗಿದ್ದರೆ ಬೆಳಕು ಒಡೆದು ಆ ಮಿಂಚು ಹುಟ್ಟುತ್ತದೆ. ಬಹುತೇಕ ಫೈರ್ ಓಪಲ್‌ಗಳಲ್ಲಿ ಅದು ಇರುವುದೇ ಇಲ್ಲ. ಇದ್ದರೆ ಬೆಲೆ ಏರುತ್ತದೆ. ಇಲ್ಲವೆಂಬ ಕಾರಣಕ್ಕೆ ಕಲ್ಲು ನಕಲಿಯಾಗುವುದಿಲ್ಲ. ಕೆಲವು ಮೆಕ್ಸಿಕನ್ ಕಲ್ಲುಗಳಲ್ಲಿ ಬಣ್ಣದಾಟ ಎದುರಿನಿಂದ ಕಾಣದು, ಹಿಂದಿನಿಂದ ಬೆಳಕು ಹಾಯಿಸಿದಾಗ ಮಾತ್ರ ಕಾಣುತ್ತದೆ. ಇವಕ್ಕೆ ಕಾಂಟ್ರಾಲೂಸ್ ಎನ್ನುತ್ತಾರೆ. ಹಿಂಬದಿ ಮುಚ್ಚಿದ ಉಂಗುರಕ್ಕೆ ಇಂಥದ್ದನ್ನು ಕೂರಿಸಿದರೆ ಕೊಟ್ಟ ದುಡ್ಡೆಲ್ಲ ಚಿನ್ನದಡಿ ಹೂತಂತೆ.

ಹೆಸರಾಂತ ಗಣಿಗಳಿರುವುದು ಮೆಕ್ಸಿಕೋದ ಕೆರೆತಾರೊ ರಾಜ್ಯದಲ್ಲಿ. ಹಾಲಿಸ್ಕೊ ರಾಜ್ಯದ ಮಗ್ದಲೇನಾ ಸುತ್ತಲೂ ಗಣಿಗಳಿವೆ. ರಯೊಲೈಟ್ ಎಂಬ ಜ್ವಾಲಾಮುಖಿ ಶಿಲೆಯ ಗುಳ್ಳೆ, ಬಿರುಕುಗಳಲ್ಲಿ ಸಿಲಿಕಾ ತುಂಬಿದ ನೀರು ಇಳಿದು ಹೆಪ್ಪುಗಟ್ಟಿ ಈ ಓಪಲ್ ಆಗಿದೆ. ಶಿಲೆಯ ತುಂಡಿನ ಜೊತೆಗೇ ಕತ್ತರಿಸಿ ಮಾರುವ ಹರಳನ್ನು ಕಾಂತೇರಾ ಓಪಲ್ ಎನ್ನುತ್ತಾರೆ. ಬ್ರೆಜಿಲ್, ಟರ್ಕಿಯ ಸಿಮಾವ್, ಅಮೆರಿಕದ ಒರೆಗಾನ್‌ಗಳಲ್ಲೂ ಫೈರ್ ಓಪಲ್ ಸಿಗುತ್ತದೆ. 2008ರಲ್ಲಿ ಇಥಿಯೋಪಿಯಾದ ವೆಗೆಲ್ ತೆನಾ ನಿಕ್ಷೇಪ ಬೆಳಕಿಗೆ ಬಂದ ಮೇಲೆ ಭಾರತದ ಮಾರುಕಟ್ಟೆಯ ಚಿತ್ರವೇ ಬದಲಾಯಿತು. ಅಲ್ಲಿಯ ಕಚ್ಚಾ ಕಲ್ಲು ದೊಡ್ಡ ಪ್ರಮಾಣದಲ್ಲಿ ಜೈಪುರದಲ್ಲಿ ಕಟಿಂಗ್ ಆಗುತ್ತದೆ. ಹಾಗಾಗಿ ಬೆಂಗಳೂರಿನ ಅಂಗಡಿಯಲ್ಲಿ ನಿಮ್ಮ ಕೈಗೆ ಬರುವ ಕಿತ್ತಳೆ ಓಪಲ್ ಮೆಕ್ಸಿಕೋದ್ದೇ ಎಂದು ಭಾವಿಸಿಕೊಳ್ಳಬೇಡಿ.

ಗುಣ ನೋಡುವ ಬಗೆ

ಬಣ್ಣದಿಂದ ಶುರುಮಾಡಿ. ಅಂಗಡಿಯ ಹಳದಿ ಸ್ಪಾಟ್‌ಲೈಟ್ ಕೆಳಗೆ ಸಾದಾ ಕಿತ್ತಳೆ ಕಲ್ಲೂ ಕೆಂಪಗೆ ಉರಿಯುತ್ತದೆ. ಹರಳನ್ನು ಬಿಳಿ ಹಾಳೆಯ ಮೇಲಿಟ್ಟು ಬಾಗಿಲ ಬಳಿ, ನೇರ ಬಿಸಿಲು ಬೀಳದ ಹಗಲು ಬೆಳಕಿನಲ್ಲಿ ನೋಡಿ. ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕಡುಗೆಂಪಿಗೆ ಹೋದಂತೆ ಬೆಲೆ ಹೆಚ್ಚು. ಕಂದು ಛಾಯೆ ಬೆರೆತರೆ ಇಳಿಯುತ್ತದೆ. ಬಣ್ಣ ಗಾಢವಾಗಿದ್ದೂ ಒಳಗೆ ಮಂಕು ಮೋಡವಿಲ್ಲದ ಕಲ್ಲು ಅಪರೂಪ.

ಆಮೇಲೆ ಕಟಿಂಗ್. ತಿಳಿಯಾದ ಕಲ್ಲನ್ನು ಮುಖಗಳನ್ನು ಕೊಯ್ದು ಮಾಡುತ್ತಾರೆ. ಮಂಜು ಇರುವುದನ್ನು, ಬಣ್ಣದಾಟ ಇರುವುದನ್ನು ಗುಮ್ಮಟದಾಕಾರದ ಕ್ಯಾಬೊಶಾನ್ ಮಾಡುತ್ತಾರೆ. ಮುಖ ಕೊಯ್ದ ಫೈರ್ ಓಪಲ್‌ನಲ್ಲಿ ಒಂದು ಸಮಸ್ಯೆ ಸಾಮಾನ್ಯ. ಈ ಕಲ್ಲಿನ ವಕ್ರೀಭವನಾಂಕ (ಒಳಹೊಕ್ಕ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.37ರಿಂದ 1.47ರೊಳಗೆ, ಹೆಚ್ಚಾಗಿ 1.42–1.43ರ ಆಸುಪಾಸು. ರತ್ನಗಳ ಪೈಕಿ ಇದು ಬಹಳ ಕಡಿಮೆ. ಇಷ್ಟು ಕಡಿಮೆಯಿದ್ದಾಗ ಒಳಹೊಕ್ಕ ಬೆಳಕು ತಳದಿಂದ ಹಿಂದಿರುಗಬೇಕಾದರೆ ತಳದ ಮುಖಗಳ ಇಳಿಜಾರು 44–45 ಡಿಗ್ರಿ ದಾಟಿರಬೇಕು. ಸ್ಫಟಿಕಕ್ಕೆ (ಕ್ವಾರ್ಟ್ಜ್) 41 ಡಿಗ್ರಿ ಸಾಕು. ಕಚ್ಚಾ ಕಲ್ಲನ್ನು ಉಳಿಸಲು ತೆಳ್ಳಗೆ ಕೊಯ್ದರೆ ಬೆಳಕು ತಳದಿಂದಲೇ ಸೋರಿಹೋಗಿ ನಡುವೆ ಖಾಲಿ ಕಿಟಕಿಯಂಥ ಜಾಗ ಕಾಣುತ್ತದೆ. ಅಚ್ಚಾದ ಕಾಗದದ ಮೇಲೆ ಹರಳಿಟ್ಟು ಮೇಲಿನಿಂದ ನೋಡಿ. ನಡುವಿನಲ್ಲಿ ಅಕ್ಷರ ಓದಲು ಬಂದರೆ ಕಟಿಂಗ್ ತೆಳು, ಚೌಕಾಸಿಗೆ ಅದೇ ಕಾರಣ ಸಾಕು.

ಮೂರನೆಯದು ಬಿರುಕು. ಹತ್ತು ಪಟ್ಟು ಹಿಗ್ಗಿಸುವ ಲೂಪ್ ಮತ್ತು ಸಣ್ಣ ಎಲ್‌ಇಡಿ ಟಾರ್ಚ್ ಇದ್ದರೆ ಸಾಕು. ಟಾರ್ಚನ್ನು ಮೊದಲು ಓರೆಯಾಗಿ, ಮೇಲ್ಮೈಗೆ ಸವರುವಂತೆ ಹಿಡಿಯಿರಿ. ಆಮೇಲೆ ಹಿಂದಿನಿಂದ ಹಿಡಿದು ಹರಳನ್ನು ನಿಧಾನಕ್ಕೆ ಸುತ್ತ ತಿರುಗಿಸಿ. ಜೇಡರ ಬಲೆಯಂಥ ಗೆರೆಗಳು ಕಂಡರೆ ಅದು ಕ್ರೇಜಿಂಗ್. ಮೇಲ್ಮೈಯ ನೀರು ಒಳಗಿನದಕ್ಕಿಂತ ಬೇಗ ಆರಿದಾಗ ಹೊರಪದರ ಕುಗ್ಗುತ್ತದೆ, ಒಳಗಿನದು ಕುಗ್ಗುವುದಿಲ್ಲ. ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಬಿರಿಯುವುದೂ ಹೀಗೆಯೇ. ಒಮ್ಮೆ ಬಿರಿದದ್ದು ಕೂಡಿಕೊಳ್ಳದು. ಒಳಗೆ ಸೂಜಿಯಂಥ ಖನಿಜದೆಳೆಗಳು ಕಂಡರೆ ಹೆದರಬೇಕಿಲ್ಲ. ಹಾರ್ನ್‌ಬ್ಲೆಂಡ್ ಸೂಜಿಗಳು ಮೆಕ್ಸಿಕನ್ ಕಲ್ಲಿನಲ್ಲಿ ಆಗಾಗ ಕಾಣುತ್ತವೆ. ಕಲ್ಲು ಸಹಜ ಎನ್ನುವುದಕ್ಕೆ ಅವು ಒಳ್ಳೆಯ ಸಾಕ್ಷಿ.

ನೀರು ಅಥವಾ ಎಣ್ಣೆ ತುಂಬಿದ ಸೀಸೆಯಲ್ಲಿಟ್ಟು ಮಾರುವ ಓಪಲ್ ಬಗ್ಗೆ ಎಚ್ಚರ. ದ್ರವದಲ್ಲಿ ಬಿರುಕು ಕಣ್ಣಿಗೆ ಬೀಳುವುದಿಲ್ಲ, ಕಲ್ಲು ತಿಳಿಯಾಗಿ ಕಾಣುತ್ತದೆ. ಹೊರತೆಗೆದು ಎರಡು–ಮೂರು ವಾರ ನೆರಳಿನಲ್ಲಿಟ್ಟು, ಆಮೇಲೆ ನೋಡಿ ದುಡ್ಡು ಕೊಡುತ್ತೇನೆ ಎನ್ನಿ. ಒಪ್ಪದಿದ್ದರೆ ಬಿಟ್ಟುಬಿಡಿ. ಗಣಿಯಿಂದ ತೆಗೆದ ಕಲ್ಲನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟು, ಬಿರಿಯುವುದೆಲ್ಲ ಬಿರಿದ ಮೇಲೆ ಉಳಿದದ್ದನ್ನು ಕಟಿಂಗ್‌ಗೆ ಕೊಡುವ ವ್ಯಾಪಾರಿಗಳಿದ್ದಾರೆ. ಅಂಥವರ ಕಲ್ಲು ನಂಬಿಕಸ್ಥ.

ತೂಕದ ಲೆಕ್ಕ

ಫೈರ್ ಓಪಲ್ ಹಗುರ. ಸಾಪೇಕ್ಷ ಸಾಂದ್ರತೆ (ಅಷ್ಟೇ ಗಾತ್ರದ ನೀರಿನ ಎಷ್ಟು ಪಟ್ಟು ತೂಕ ಎಂಬುದು) 2.00ರ ಆಸುಪಾಸು, ನೀಲಮಣಿಯದು 4.00. ಆದ್ದರಿಂದ ಅದೇ ತೂಕದ ಓಪಲ್ ನೀಲಮಣಿಯ ಇಮ್ಮಡಿ ಗಾತ್ರವಿರುತ್ತದೆ. ಒಂದು ಕ್ಯಾರೆಟ್ ವಜ್ರ ಸುಮಾರು 6.5 ಮಿ.ಮೀ. ಅಗಲ, ಅದೇ ಅಳತೆ, ಅದೇ ಆಕಾರದ ಫೈರ್ ಓಪಲ್ 0.6 ಕ್ಯಾರೆಟ್ ಕೂಡ ತೂಗದು. ಉಂಗುರಕ್ಕೆ ಎಷ್ಟು ದೊಡ್ಡದು ಬೇಕೆಂದು ಹೇಳುವಾಗ ಮಿ.ಮೀ.ನಲ್ಲೇ ಹೇಳಿ.

ರತ್ತಿ ಲೆಕ್ಕದಲ್ಲಿ ಮಾರುವವರಿದ್ದರೆ ಯಾವ ರತ್ತಿ ಎಂದು ಕೇಳಿ. ಹಳೆಯ ಗುಲಗಂಜಿ ತೂಕದ ರತ್ತಿ ಸುಮಾರು 0.12 ಗ್ರಾಂ. ರತ್ನ ವ್ಯಾಪಾರದ ಪಕ್ಕಾ ರತ್ತಿ ಸುಮಾರು 0.18 ಗ್ರಾಂ. ಐದು ರತ್ತಿ ಎಂದರೆ ಒಂದು ಲೆಕ್ಕದಲ್ಲಿ ಮೂರು ಕ್ಯಾರೆಟ್, ಇನ್ನೊಂದರಲ್ಲಿ ನಾಲ್ಕೂವರೆ. ಬಿಲ್ಲಿನಲ್ಲಿ ಕ್ಯಾರೆಟ್ ಬರೆಸಿಕೊಳ್ಳಿ. ಒಂದು ಕ್ಯಾರೆಟ್ 0.2 ಗ್ರಾಂ, ಅದರಲ್ಲಿ ಗೊಂದಲವಿಲ್ಲ. ನೀರು ಹೀರುವ ಕಲ್ಲನ್ನು ಒದ್ದೆಯಿದ್ದಾಗ ತೂಗಿದರೆ ನೀರಿಗೂ ದುಡ್ಡು ಕೊಟ್ಟಂತಾಗುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಒಡವೆಗೆ ಕೂರಿಸದ ಬಿಡಿ ಹರಳಿಗೆ ಮಾತ್ರ ಇದು ಸಾಧ್ಯ. ಬೇಕಾಗುವುದು: 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ (0.001 ಆದರೆ ಇನ್ನೂ ಒಳ್ಳೆಯದು), ಒಂದು ಸಣ್ಣ ಗಾಜಿನ ಲೋಟ, ತೆಳು ದಾರ, ಕೋಣೆಯ ತಾಪದ ಶುದ್ಧ ನೀರು.

1. ಮೊದಲು ಹೀರುವಿಕೆ. ಹರಳಿನ ಬೆನ್ನಿನ ಮೇಲೆ ಕಡ್ಡಿಯ ತುದಿಯಿಂದ ಒಂದು ಸಣ್ಣ ಹನಿ ನೀರಿಟ್ಟು ಒಂದೆರಡು ನಿಮಿಷ ನೋಡಿ. ಹನಿ ಗುಂಡಗೆ ನಿಂತರೆ ಹೀರುವ ಕಲ್ಲಲ್ಲ. ಹನಿ ಹರಡಿ ಮಾಯವಾಗುತ್ತ, ಅಷ್ಟು ಜಾಗ ಹೆಚ್ಚು ತಿಳಿಯಾಗಿ ಕಂಡರೆ ಹೀರುತ್ತಿದೆ. ಅಂಥ ಕಲ್ಲನ್ನು ನಾಲಗೆಯ ತುದಿಗೆ ತಾಗಿಸಿದರೆ ಅಂಟಿದಂತಾಗುತ್ತದೆ. ವ್ಯಾಪಾರಿಗಳು ಮಾಡುವ ಪರೀಕ್ಷೆಯೇ ಅದು, ಆದರೆ ಹನಿಯ ದಾರಿ ಸ್ವಚ್ಛ.

2. ಹರಳನ್ನು ಒಣಗಿದ್ದಾಗ ತೂಗಿ ಬರೆದುಕೊಳ್ಳಿ.

3. ಲೋಟಕ್ಕೆ ಅರ್ಧ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಅಂಕಿ ಸೊನ್ನೆ ಮಾಡಿ.

4. ಹರಳನ್ನು ದಾರಕ್ಕೆ ಕಟ್ಟಿ ಪೂರ್ತಿ ಮುಳುಗಿಸಿ. ತಳಕ್ಕಾಗಲಿ ಅಂಚಿಗಾಗಲಿ ತಾಗಬಾರದು. ಮೈಗೆ ಗಾಳಿಗುಳ್ಳೆ ಅಂಟಿದ್ದರೆ ದಾರ ಅಲುಗಾಡಿಸಿ ಬಿಡಿಸಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

5. ಈಗ ತೋರುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. ಬಂದದ್ದೇ ಸಾಪೇಕ್ಷ ಸಾಂದ್ರತೆ.

ಮೂರು ಕ್ಯಾರೆಟ್ ಅಂದರೆ 0.60 ಗ್ರಾಂನ ಫೈರ್ ಓಪಲ್ ಮುಳುಗಿಸಿದಾಗ 0.30ರ ಆಸುಪಾಸು ತೋರಬೇಕು. ಅದೇ ತೂಕದ ಕಾರ್ನೆಲಿಯನ್ (ಕೆಂಪು ಅಕೀಕು) 0.23, ಸಾಮಾನ್ಯ ಗಾಜು 0.24–0.25, ಗೋಮೇಧಿಕ 0.16–0.17 ತೋರುತ್ತವೆ. ಪ್ಲಾಸ್ಟಿಕ್ 0.50 ಮುಟ್ಟುತ್ತದೆ. 0.01 ಗ್ರಾಂ ತಕ್ಕಡಿಯಲ್ಲಿ ಒಂದಂಕಿ ಆಚೀಚೆಯಾದರೂ ಗಾಜಿಗೂ ಓಪಲ್‌ಗೂ ಇರುವ ಅಂತರ ತಪ್ಪಿಹೋಗದು. ಒಂದು ಕ್ಯಾರೆಟ್‌ಗಿಂತ ಸಣ್ಣ ಕಲ್ಲಿಗೆ ಈ ತಕ್ಕಡಿ ಸಾಲದು.

ಹೀರುವ ಕಲ್ಲಿಗೆ ಈ ಲೆಕ್ಕವನ್ನು ನೆಚ್ಚಬೇಡಿ. ಒಣಗಿದ್ದಾಗ ಅದರ ಸಾಂದ್ರತೆ 1.7–1.9ಕ್ಕೂ ಇಳಿದಿರುವುದುಂಟು. ಮುಳುಗಿಸಿದ ಕೂಡಲೇ ಹೀರತೊಡಗಿ ತಕ್ಕಡಿಯ ಅಂಕಿಯೂ ಸರಿಯುತ್ತ ಹೋಗುತ್ತದೆ. ಪೂರ್ತಿ ನೆನೆದಾಗ ತೂಕ ಶೇ 10ರಷ್ಟೋ ಇನ್ನೂ ಹೆಚ್ಚೋ ಏರಬಹುದು.

ಲೂಪ್‌ನಲ್ಲಿ ಗುಂಡು ಗಾಳಿಗುಳ್ಳೆಗಳು, ಸುರುಳಿ ಸುರುಳಿಯಾದ ಹರಿವಿನ ಗೆರೆಗಳು ಕಂಡರೆ ಗಾಜು. ಬಣ್ಣದಾಟ ಇದ್ದು, ಮೇಲಿನಿಂದ ನೋಡಿದಾಗ ಬಣ್ಣದ ತೇಪೆಗಳು ಹಲ್ಲಿಯ ಚರ್ಮದಂತೆ ಚಿಕ್ಕ ಚಿಕ್ಕ ಕೋಶಗಳಾಗಿ, ಬದಿಯಿಂದ ನೋಡಿದಾಗ ಕಂಬಗಳಾಗಿ ಕಂಡರೆ ಪ್ರಯೋಗಾಲಯದಲ್ಲಿ ಬೆಳೆಸಿದ ಓಪಲ್ ಎಂದು ಅನುಮಾನಿಸಬೇಕು.

ಇವೆಲ್ಲಕ್ಕಿಂತ ಹೆಚ್ಚು ಮೋಸ ಆಗುವುದು ಬಣ್ಣ ಹಾಕಿದ ಕಲ್ಲಿನಲ್ಲಿ. ಮಸುಕು ಇಥಿಯೋಪಿಯನ್ ಓಪಲ್ ನೀರು ಹೀರುವಷ್ಟೇ ಸಲೀಸಾಗಿ ಬಣ್ಣವನ್ನೂ ಹೀರುತ್ತದೆ. ಕಿತ್ತಳೆ ಬಣ್ಣದಲ್ಲಿ ನೆನೆಸಿ ತೆಗೆದರೆ ನೋಡಲು ಥೇಟು ಮೆಕ್ಸಿಕನ್. ಬೆನ್ನಿನ ಹೊಂಡಗಳಲ್ಲಿ, ಬಿರುಕುಗಳಲ್ಲಿ, ಅಂಚಿನಲ್ಲಿ ಬಣ್ಣ ಗಟ್ಟಿಯಾಗಿ ಕೂತಿದೆಯೇ ಎಂದು ಲೂಪ್‌ನಲ್ಲಿ ನೋಡಿ. ಅಂಗಡಿಯವರ ಒಪ್ಪಿಗೆ ಪಡೆದು, ಅಸಿಟೋನ್ ಸೋಕಿಸಿದ ಬಿಳಿ ಹತ್ತಿಯನ್ನು ಬೆನ್ನಿಗೆ ಮೆಲ್ಲಗೆ ಉಜ್ಜಬಹುದು. ಹತ್ತಿಗೆ ಬಣ್ಣ ಬಂದರೆ ಸಂದೇಹವೇ ಬೇಡ. ಬರದಿದ್ದ ಮಾತ್ರಕ್ಕೆ ಪಾಸಾಯಿತು ಎನ್ನುವಂತಿಲ್ಲ. ಅಂಟಿಸಿದ ಪದರಗಳ ಕಲ್ಲಿಗೆ, ರಾಳ ತುಂಬಿದ್ದಕ್ಕೆ ಅಸಿಟೋನ್ ಮುಟ್ಟಿಸಬೇಡಿ.

ಬೆಲೆ ಹೆಚ್ಚಿದ್ದರೆ ಲ್ಯಾಬ್ ವರದಿ ಬೇಕೇ ಬೇಕು. ಜೈಪುರದ ಜೆಮ್ ಟೆಸ್ಟಿಂಗ್ ಲ್ಯಾಬೊರೇಟರಿಯಂಥ ಸ್ವತಂತ್ರ ಸಂಸ್ಥೆಯ ವರದಿ ಇರಲಿ. ಅಂಗಡಿಯವರೇ ಅಚ್ಚು ಹಾಕಿಸಿದ ಕಾರ್ಡಿಗೆ ಆ ಬೆಲೆ ಇಲ್ಲ. ವರದಿಯಲ್ಲಿ ‘ನೈಸರ್ಗಿಕ ಓಪಲ್’ ಎಂಬ ಸಾಲು ಓದಿ ನಿಲ್ಲಬೇಡಿ. ಬಣ್ಣ ಹಾಕಿದ್ದೂ ನೈಸರ್ಗಿಕ ಓಪಲ್ಲೇ. ಕೆಳಗೆ ಸಂಸ್ಕರಣೆಯ ಸಾಲು, ಷರಾ ಇರುವ ಜಾಗ ನೋಡಿ: ಬಣ್ಣ ಹಾಕಲಾಗಿದೆ, ರಾಳ ತುಂಬಲಾಗಿದೆ ಎಂಬ ಸತ್ಯ ಕೂತಿರುವುದು ಅಲ್ಲಿ.

ಅಕ್ಕಸಾಲಿಗರಿಗೆ ಕೊಡುವಾಗ

ಓಪಲ್ ಹಾಳಾಗುವ ಪ್ರಕರಣಗಳಲ್ಲಿ ದೊಡ್ಡ ಪಾಲು ಆಗುವುದು ಇಲ್ಲಿಯೇ. ವಜ್ರ, ಮಾಣಿಕ್ಯ ಕೂರಿಸಿ ಪಳಗಿದ ಕೈಗೆ ಓಪಲ್‌ನ ಅಂಜಿಕೆ ಇರುವುದಿಲ್ಲ. ಹರಳು ಕೊಡುವಾಗಲೇ ಹೇಳಬೇಕಾದ ಮಾತು ಒಂದೇ: ಬೆಸುಗೆ, ಆಸಿಡ್, ಪಾಲಿಶ್ ಎಲ್ಲ ಮುಗಿಯಲಿ, ಹರಳು ಕೊನೆಗೆ ಕೂರಲಿ. ಕೂರಿಸಿದ ಮೇಲೆ ಆ ಒಡವೆಗೆ ಬೆಸುಗೆಯ ಟಾರ್ಚ್ ತಾಗಿಸಕೂಡದು. ಉಂಗುರ ಸಡಿಲಾಗಿ ಅಳತೆ ಬದಲಿಸಬೇಕಿದ್ದರೆ, ಸರದ ಕೊಂಡಿ ಬೆಸೆಯಬೇಕಿದ್ದರೆ, ಮೊದಲು ಹರಳು ಬಿಚ್ಚಲಿ. ಒದ್ದೆ ಬಟ್ಟೆ ಸುತ್ತಿ ಬೆಸೆಯುತ್ತೇನೆ ಎನ್ನುವವರಿದ್ದಾರೆ. ಚಿನ್ನ ಶಾಖವನ್ನು ಕ್ಷಣದಲ್ಲಿ ಹರಳಿಗೆ ದಾಟಿಸುತ್ತದೆ, ಒಂದು ಬದಿ ಕಾದು ಇನ್ನೊಂದು ತಣ್ಣಗಿದ್ದರೆ ಕಲ್ಲು ಇನ್ನೂ ಬೇಗ ಸೀಳುತ್ತದೆ. ಆ ಮಾತಿಗೆ ಒಪ್ಪಬೇಡಿ.

ಕಟ್ಟಿನ ಬಗೆ ಕೇಳಿದರೆ ಬೆಜೆಲ್, ಅಂದರೆ ಸುತ್ತಲೂ ಲೋಹದ ಪಟ್ಟಿ ಬಾಗಿಸಿ ಹಿಡಿಸುವುದು. ಮೋಸ್ ಮಾಪಕದಲ್ಲಿ ಓಪಲ್‌ನ ಗಡಸುತನ 5.5ರಿಂದ 6.5. ಅಂಚು ಬೇಗ ಸಿಡಿಯುತ್ತದೆ, ಬೆಜೆಲ್ ಆ ಅಂಚನ್ನು ಮುಚ್ಚುತ್ತದೆ. 22 ಕ್ಯಾರೆಟ್ ಚಿನ್ನ ಮೃದುವಾದ್ದರಿಂದ ಕಡಿಮೆ ಒತ್ತಡಕ್ಕೇ ಮಡಚಿಕೊಳ್ಳುತ್ತದೆ, ಓಪಲ್‌ಗೆ ಇದು ಅನುಕೂಲ. 18 ಕ್ಯಾರೆಟ್‌ನಲ್ಲಿ ಪಟ್ಟಿ ತೆಳುವಾಗಿರಲಿ. ಹರಳು ಕೂರುವ ತಟ್ಟೆಯಲ್ಲಿ ಬೆಸುಗೆಯ ಉಬ್ಬು, ಮರಳಿನ ಕಣ ಇದ್ದರೆ ಒತ್ತುವಾಗ ಭಾರವೆಲ್ಲ ಆ ಒಂದು ಬಿಂದುವಿನ ಮೇಲೆ ಬಿದ್ದು ಕಲ್ಲು ಒಡೆಯುತ್ತದೆ. ಉಂಗುರದ ಕ್ಯಾಬೊಶಾನ್ 3 ಮಿ.ಮೀ.ಗಿಂತ ತೆಳುವಿದ್ದರೆ ಪೆಂಡೆಂಟ್‌ಗೆ ಬದಲಿಸಿ. ದಿನಬಳಕೆಗಂತೂ ಉಂಗುರಕ್ಕಿಂತ ಓಲೆ, ಪೆಂಡೆಂಟ್ ಎಷ್ಟೋ ಪಾಲು ಸುರಕ್ಷಿತ.

ಜ್ಯೋತಿಷಿಯ ಸಲಹೆ ಮೇರೆಗೆ ಧರಿಸುವವರು ಹರಳು ಚರ್ಮಕ್ಕೆ ತಾಗಲೆಂದು ಹಿಂಬದಿ ತೆರೆದಿಡಿಸುತ್ತಾರೆ, ಧಾರಣೆಗೆ ಮೊದಲು ಹಸಿ ಹಾಲು, ಜೇನುತುಪ್ಪ, ಗಂಗಾಜಲದಲ್ಲಿ ಅದ್ದುತ್ತಾರೆ. ಹೀರದ ಕಲ್ಲಿಗೆ ಇದರಿಂದ ಅಪಾಯವಿಲ್ಲ, ಆಮೇಲೆ ತೊಳೆದರಾಯಿತು. ಹೀರುವ ಕಲ್ಲಿಗೆ ಹಾಲು ಒಳಗಿಳಿದರೆ ಕಲೆ ಶಾಶ್ವತವಾಗಬಹುದು. ಲೋಹದ ಭಾಗಕ್ಕೆ ಹಾಲು ಸೋಕಿಸಿ ಶಾಸ್ತ್ರ ಮುಗಿಸಿ. ಹಿಂಬದಿ ತೆರೆದಿದ್ದರೆ ಬೆವರು, ಸೋಪು, ಅರಿಶಿನ, ಎಣ್ಣೆ ದಿನವೂ ಒಳಹೋಗುತ್ತವೆ ಎಂಬುದೂ ನೆನಪಿರಲಿ. ಬಿಳಿ ಓಪಲ್ ವರ್ಷದೊಳಗೆ ಹಳದಿಗೆ ತಿರುಗುವುದಕ್ಕೆ ಸಾಮಾನ್ಯ ಕಾರಣ ಇದೇ.

ದಿನದ ಬಳಕೆ

ಓಪಲ್ ಅಂಜುವುದು ಶಾಖಕ್ಕಿಂತ ಶಾಖದ ದಿಢೀರ್ ಏರಿಳಿತಕ್ಕೆ. ದೋಸೆ ಹೆಂಚಿನ ಮುಂದೆ ಅರ್ಧ ಗಂಟೆ ನಿಂತು, ಕಾದ ಉಂಗುರದ ಕೈಯನ್ನು ನೇರ ನಲ್ಲಿಯ ತಣ್ಣೀರಿಗೆ ಒಡ್ಡುವುದು ಕಲ್ಲಿಗೆ ಕೆಟ್ಟದ್ದು. ಅಭ್ಯಂಜನದ ದಿನ ಎಣ್ಣೆಯೂ ಉಂಟು, ಬಿಸಿನೀರೂ ಉಂಟು, ಬಿಚ್ಚಿಟ್ಟೇ ಹೋಗಿ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಓಪಲ್ ಬಿಡಬಾರದು. ಗ್ರಾನೈಟ್ ಅಡುಗೆಕಟ್ಟೆಗೆ ಒಮ್ಮೆ ಕೈ ಬಡಿದರೆ ಅಂಚು ಸಿಡಿಯಲು ಸಾಕು.

ಸುಗಂಧ, ಪೌಡರ್, ಹೇರ್ ಸ್ಪ್ರೇ ಎಲ್ಲ ಆದ ಮೇಲೆ ಒಡವೆ ಹಾಕಿ. ಬಿಚ್ಚುವಾಗ ಮೊದಲು ಅದನ್ನೇ ಬಿಚ್ಚಿ. ಬಣ್ಣ ಹಾಕಿದ ಕಲ್ಲಿಗೆ ಸ್ಯಾನಿಟೈಸರ್ ಆಗದು, ಅದರಲ್ಲಿರುವ ಆಲ್ಕೋಹಾಲಿಗೆ ಬಣ್ಣ ಬಿಡಬಹುದು. ಸಹಜ ಫೈರ್ ಓಪಲ್‌ನ ಕಬ್ಬಿಣದ ಬಣ್ಣ ಬಿಸಿಲಿಗೆ ಮಾಸುವುದಿಲ್ಲ. ನಿಮ್ಮ ಹರಳು ಕೆಲವೇ ತಿಂಗಳಲ್ಲಿ ಪೇಲವವಾದರೆ ಬಣ್ಣ ಹಾಕಿದ್ದೆಂದೇ ಅನುಮಾನಿಸಿ.

ತೊಳೆಯುವುದು

ಒಣಬಟ್ಟೆಯಿಂದ ಧೂಳು ಒರೆಸುವ ಅಭ್ಯಾಸ ಬಿಡಿ. ನಮ್ಮ ಧೂಳಿನಲ್ಲಿ ಕ್ವಾರ್ಟ್ಜ್ ಕಣಗಳಿರುತ್ತವೆ. ಅವುಗಳ ಗಡಸುತನ 7, ಓಪಲ್‌ಗಿಂತ ಹೆಚ್ಚು. ದಿನಾ ಒರೆಸಿದರೆ ಹೊಳಪು ಮಾಸಿ ಮೈ ಮಂಜಾಗುತ್ತದೆ.

ಹೀರದ ಕಲ್ಲಿಗೆ ಕ್ರಮ ಹೀಗೆ. ಬಟ್ಟಲಿಗೆ 250 ಮಿ.ಲೀ. ಕೋಣೆಯ ತಾಪದ ನೀರು ಹಾಕಿ, ಎರಡು–ಮೂರು ಹನಿ ಬೇಬಿ ಶಾಂಪೂ ಅಥವಾ ಪಾತ್ರೆ ತೊಳೆಯುವ ಮೃದು ದ್ರಾವಣ ಸೇರಿಸಿ. ಒಡವೆಯನ್ನು ಒಂದು ನಿಮಿಷ ಅದ್ದಿಡಿ, ಧೂಳು ಸಡಿಲವಾಗಲಿ. ಮಕ್ಕಳ ಮೃದು ಬ್ರಷ್‌ನಿಂದ ಹಿಂಬದಿ, ಕಟ್ಟಿನ ಸಂದು, ಕೊನೆಗೆ ಮುಂಬದಿ ಒತ್ತದೆ ಉಜ್ಜಿ. ಇನ್ನೊಂದು ಬಟ್ಟಲಿನ ಅದೇ ತಾಪದ ನೀರಿನಲ್ಲಿ ಅಲುಬಿ ತೆಗೆಯಿರಿ. ನಲ್ಲಿ ಕೆಳಗೆ ಹಿಡಿದರೆ ತಣ್ಣೀರಿನ ಹೊಡೆತವೂ ಹೌದು, ಸಿಂಕಿನ ತೂತಿನ ಭಯವೂ ಹೌದು. ಹಳೆಯ ಹತ್ತಿ ಬಟ್ಟೆಯಲ್ಲಿ ಒತ್ತಿ, ಅರ್ಧ ಗಂಟೆ ನೆರಳಿನಲ್ಲಿ ಆರಲಿ. ಹೇರ್ ಡ್ರೈಯರ್ ಬೇಡ. ತಿಂಗಳಿಗೊಮ್ಮೆ ಸಾಕು.

ಹೀರುವ ಕಲ್ಲನ್ನು, ಕಾಂತೇರಾವನ್ನು, ಪದರ ಅಂಟಿಸಿದ ಡಬ್ಲೆಟ್–ಟ್ರಿಪ್ಲೆಟ್‌ಗಳನ್ನು ಅದ್ದಬೇಡಿ. ಶುದ್ಧ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕೆಲವೇ ಸೆಕೆಂಡ್ ಒರೆಸಿ, ತಕ್ಷಣ ಒಣಬಟ್ಟೆಯಿಂದ ಒತ್ತಿ.

ಅಲ್ಟ್ರಾಸಾನಿಕ್ ಯಂತ್ರ, ಸ್ಟೀಮ್ ಎರಡೂ ಓಪಲ್‌ಗೆ ನಿಷಿದ್ಧ. ಅಂಗಡಿಯಲ್ಲಿ ಉಚಿತವಾಗಿ ಪಾಲಿಶ್ ಮಾಡಿಕೊಡುತ್ತೇವೆ ಎಂದರೆ ಯಾವುದರಲ್ಲಿ ಎಂದು ಕೇಳಿ. ಮನೆಮದ್ದಿನಲ್ಲೂ ಅಪಾಯಗಳಿವೆ: ಬೆಳ್ಳಿ ಉಜ್ಜುವ ಟೂತ್‌ಪೇಸ್ಟ್, ವಿಭೂತಿ ಹರಳನ್ನು ಗೀಚಬಹುದು. ಚಿನ್ನದ ಸರಗಳ ಜೊತೆ ಅಂಟುವಾಳದ ನೀರಿನಲ್ಲಿ ಕುದಿಸುವ ಪದ್ಧತಿ ಓಪಲ್ ಇರುವ ಒಡವೆಗೆ ಸಲ್ಲದು. ಕುದಿಯುವ ನೀರೇ ಸಾಕು ಸೀಳಲು.

ನೀರಿಗೆ ಬಿದ್ದರೆ

ಹೀರುವ ಓಪಲ್ ನೀರಿಗೆ ಬಿದ್ದು ಬಣ್ಣದಾಟ ಮಾಯವಾಗಿ ಗಾಜಿನಂತಾದರೆ ಗಾಬರಿ ಬೇಡ. ಕಲ್ಲು ಕೆಟ್ಟಿಲ್ಲ, ನೆನೆದಿದೆ. ಟಿಶ್ಯೂ ಕಾಗದದಲ್ಲಿ ಒತ್ತಿ, ನೆರಳಿನಲ್ಲಿ, ಫ್ಯಾನ್ ಗಾಳಿ ನೇರ ಬೀಳದ ಕಡೆ ಇಡಿ. ನಾಲ್ಕು ದಿನದಿಂದ ಎರಡು ವಾರದವರೆಗೂ ಹಿಡಿಯಬಹುದು. ನಡುವೆ ಹಾಲಿನಂತೆ ಬಿಳುಪಾಗಿ ಕಾಣುವುದೂ ಸಹಜ. ಬೇಗ ಆರಲೆಂದು ಬಿಸಿಲಿಗಿಡುವುದು, ಮೊಬೈಲ್ ಒದ್ದೆಯಾದಾಗ ಮಾಡುವಂತೆ ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು ಬೇಡ. ಆತುರವೇ ಬಿರುಕಿಗೆ ದಾರಿ. ಸೋಪಿನ ನೀರಿಗೋ ಬಣ್ಣದ ನೀರಿಗೋ ಬಿದ್ದಿದ್ದರೆ ಮೊದಲು ಡಿಸ್ಟಿಲ್ಡ್ ವಾಟರ್‌ನಲ್ಲಿ ಹಾಕಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು–ನಾಲ್ಕು ದಿನ ಇಟ್ಟು ಆಮೇಲೆ ಆರಿಸಿ. ಎಣ್ಣೆ ಇಳಿದಿದ್ದರೆ ಈ ಉಪಾಯ ನಡೆಯುವುದಿಲ್ಲ. ಒಣಗಿದ್ದ ಓಪಲ್‌ಗೆ ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಸವರುವುದನ್ನೂ ಇದೇ ಕಾರಣಕ್ಕೆ ಬಿಡಬೇಕು.

ಇಡುವ ಜಾಗ, ಪ್ರಯಾಣ

ವಜ್ರ, ನೀಲಮಣಿಗಳ ಜೊತೆ ಒಂದೇ ಡಬ್ಬಿಯಲ್ಲಿ ಹಾಕಿದರೆ ಅವು ಓಪಲ್ ಮೇಲೆ ಗೆರೆ ಎಳೆಯುತ್ತವೆ. ಮೃದು ಬಟ್ಟೆಯ ಪ್ರತ್ಯೇಕ ಚೀಲ ಇರಲಿ. ಒಡವೆ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕುವ ರೂಢಿ ಬೆಳ್ಳಿಗೆ ಒಳ್ಳೆಯದು, ಓಪಲ್‌ಗೆ ಕೆಟ್ಟದ್ದು. ತೆಗೆದುಹಾಕಿ.

ಮಂಗಳೂರಿನ ತೇವದಲ್ಲಿ, ಬೆಂಗಳೂರಿನ ಹವೆಯಲ್ಲಿ ಬೇರೇನೂ ಮಾಡಬೇಕಿಲ್ಲ. ಕಲಬುರಗಿ, ರಾಯಚೂರಿನ ಒಣ ಬೇಸಿಗೆಯಲ್ಲಿ, ತೇವ ತೆಗೆಯುವ ಯಂತ್ರವಿರುವ ಬ್ಯಾಂಕ್ ಲಾಕರಿನಲ್ಲಿ ತಿಂಗಳುಗಟ್ಟಲೆ ಇಡುವುದಾದರೆ, ಜಿಪ್ ಕವರಿನೊಳಗೆ ಹರಳಿನ ಚೀಲದ ಪಕ್ಕ ಹಿಂಡಿ ತೆಗೆದ ಒದ್ದೆ ಹತ್ತಿಯ ಒಂದು ಉಂಡೆ ಇಡಿ. ಹರಳಿಗೆ ತಾಗಬಾರದು. ಬೆಳ್ಳಿಯ ಕಟ್ಟಾದರೆ ಲೋಹ ಸ್ವಲ್ಪ ಕಪ್ಪಾಗಬಹುದು, ಅದನ್ನು ಒಪ್ಪಿಕೊಳ್ಳಬೇಕು. ಹೀರುವ ಕಲ್ಲಿಗೆ ಈ ಹತ್ತಿ ಬೇಡ, ಒಂದೇ ಹವೆಯ ಕಪಾಟು ಸಾಕು. ದುಬೈನ ಏಸಿ ಕೋಣೆಗೋ ಅಮೆರಿಕದ ಚಳಿಗಾಲದ ಹೀಟರ್ ಮನೆಗೋ ಓಪಲ್ ಕೊಂಡೊಯ್ಯುವವರು ಮೊದಲ ಕೆಲವು ದಿನ ಅದನ್ನು ಚೀಲ, ಕವರಿನ ಸಮೇತವೇ ಇಟ್ಟು ಅಲ್ಲಿಯ ಒಣಹವೆಗೆ ನಿಧಾನವಾಗಿ ಹೊಂದಲು ಬಿಡಲಿ. ಬಂದಿಳಿದ ದಿನವೇ ಹೀಟರ್ ಪಕ್ಕದ ಮೇಜಿನ ಮೇಲೆ ಬಿಚ್ಚಿಡಬಾರದು.

ಕೆಟ್ಟ ಮೇಲೆ

ಹೊಳಪು ಮಾತ್ರ ಮಾಸಿದ್ದರೆ ಮರುಪಾಲಿಶ್ ಸಾಧ್ಯ. ಸೀರಿಯಂ ಆಕ್ಸೈಡ್ ಪುಡಿ, ಫೆಲ್ಟ್ ಚಕ್ರ, ನಿಧಾನ ವೇಗ, ಬಿಡದೆ ನೀರು. ನೀರು ನಿಂತರೆ ಚಕ್ರದ ಶಾಖಕ್ಕೇ ಕಲ್ಲು ಬಿರಿಯುತ್ತದೆ. ಚಿನ್ನದ ಪಾಲಿಶ್ ಮೋಟಾರಿಗೆ ಒಡವೆ ಸಮೇತ ಹಿಡಿಯುವವರಿಗೆ ಕೊಡಬೇಡಿ, ಹರಳು ಕೊಯ್ಯುವವರಿಗೇ ಕೊಡಿ. ಅಂಚು ಸಿಡಿದಿದ್ದರೆ ಕೊಯ್ದು ಚಿಕ್ಕದು ಮಾಡಬಹುದು, 8 ಮಿ.ಮೀ. ಇದ್ದದ್ದು 7ಕ್ಕೆ ಇಳಿದರೆ ತೂಕದಲ್ಲಿ ಮೂರನೇ ಒಂದು ಪಾಲು ಹೋಗುತ್ತದೆ, ಕಟ್ಟನ್ನೂ ಹೊಸದಾಗಿ ಮಾಡಿಸಬೇಕಾಗುತ್ತದೆ. ಕ್ರೇಜಿಂಗ್ ಮೇಲ್ಪದರದಲ್ಲಷ್ಟೇ ಇದ್ದರೆ ಕೆಲವೊಮ್ಮೆ ಉಜ್ಜಿ ತೆಗೆಯಬಹುದು, ಆಳಕ್ಕಿಳಿದಿದ್ದರೆ ರಾಳ ತುಂಬಿ ಮರೆಮಾಡುವುದೊಂದೇ ದಾರಿ. ರಾಳ ತುಂಬಿದ ಕಲ್ಲನ್ನು ಮುಂದೆ ಮಾರುವಾಗ ಅದನ್ನು ಹೇಳಲೇಬೇಕು.

ದುರಸ್ತಿಗೆ ಕೊಡುವ ಮುನ್ನ ಹರಳನ್ನು ಬಿಚ್ಚಿಸಿ, ತೂಗಿ, ಉದ್ದ–ಅಗಲ–ದಪ್ಪ ಮಿ.ಮೀ.ನಲ್ಲಿ ಬರೆದು, ಟಾರ್ಚ್ ಬೆಳಕಿನಲ್ಲಿ ಮುಂದಿನಿಂದ, ಹಿಂದಿನಿಂದ ಒಂದೊಂದು ಫೋಟೊ ತೆಗೆದಿಟ್ಟುಕೊಳ್ಳಿ. ರಸೀದಿಯಲ್ಲಿ ತೂಕ ಮತ್ತು ಆಗಲೇ ಇರುವ ಬಿರುಕುಗಳನ್ನು ನಮೂದಿಸಿ ಸಹಿ ಹಾಕಿಸಿ.